ಇರುತ್ತದೋ, ಹೋಗುತ್ತದೋ

ಶಾಲೆಗಳಿಗೆ ಮುಂದೆ ಎಷ್ಟು ಮಕ್ಕಳು ಬಂದಾರು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದೂ ಒಂದು ಉದ್ಯೋಗ ಎಂದರೆ ಬಹಳ ಜನ ನಂಬುವುದಿಲ್ಲ. ಉಮಾಮಹೇಶ್ವರಿಯವರ ಗಂಡ ಷಡಕ್ಷರಪ್ಪನವರೇ ನಂಬಿರಲಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಗೊಬ್ಬರ, ಔಷಧಿ, ಸ್ಪ್ರೇಯರ್ ಮಾರುವ ಅಂಗಡಿ ಇಟ್ಟುಕೊಂಡಿರುವ ಅವರು, “ಗಿಣಿಶಾಸ್ತ್ರದೋನೂ ಇದನ್ನೇ ಮಾಡ್ತಾನಲ್ಲ ಮಾರಾಯ್ತಿ, ಅವನಿಗೆ ಪಿಂಚಣಿ ಇಲ್ಲ ಅಷ್ಟೆ,” ಎಂದು ಹೆಂಡತಿಯನ್ನು ರೇಗಿಸುತ್ತಲೇ ಇಷ್ಟು ವರ್ಷ ಕಳೆದಿದ್ದರು. ಉಮಾಮಹೇಶ್ವರಿಯವರಿಗೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಆದರೆ ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತಿದ್ದುದರಿಂದ ಅದನ್ನು ಸಂಜೆಗೆ ಎತ್ತಿಡುತ್ತಿದ್ದರು. ಸಂಜೆಗೆ ಮರೆತುಹೋಗುತ್ತಿತ್ತು.

ಅವರು ಮೂಲತಃ ಹೈಸ್ಕೂಲಿನ ಗಣಿತದ ಟೀಚರ್. ಶಾಲೆಗಳ ಉಸ್ತುವಾರಿ ನೋಡುವ ಭದ್ರಾವತಿಯ ಕಚೇರಿಯೊಂದಕ್ಕೆ ಒಂದು ವರ್ಷದ ಮಟ್ಟಿಗೆ ಎಂದು ಅವರನ್ನು ಕರೆಸಿಕೊಂಡಿದ್ದರು. ಆ ಒಂದು ವರ್ಷ ಮುಗಿಯುವ ಮೊದಲೇ ನಿವೃತ್ತಿ ಹತ್ತಿರ ಬಂದಿತ್ತು. ಕಚೇರಿಯಲ್ಲಿ ಎಲ್ಲರೂ ಅವರನ್ನು ಅಂದಾಜು ಮೇಡಂ ಎನ್ನುತ್ತಿದ್ದರು. ಈ ವರ್ಷ ಒಂದು ವಾರ್ಡಿನಲ್ಲಿ ಹುಟ್ಟಿದ ಮಕ್ಕಳು ಆರು ವರ್ಷಕ್ಕೆ ಅಲ್ಲಿನ ಶಾಲೆಯ ಒಂದನೇ ತರಗತಿಗೆ ಬರಬೇಕು. ಅದರಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತುವವರನ್ನು ಕಳೆಯಬೇಕು, ಊರು ಬಿಡುವವರನ್ನು ಕಳೆಯಬೇಕು, ಹೊಸ ಬಡಾವಣೆಗೆ ಬಂದು ಸೇರುವವರನ್ನು ಕೂಡಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಎಷ್ಟು ಮಂದಿ ಉದುರುತ್ತಾರೆ ಎಂಬುದನ್ನು ಹಿಂದಿನ ವರ್ಷಗಳನ್ನು ನೋಡಿ ಹೇಳಬೇಕು. ಕೊನೆಗೆ ಉಳಿಯುವ ಸಂಖ್ಯೆಯ ಮೇಲೆ ಪುಸ್ತಕ, ಸಮವಸ್ತ್ರ, ಮೊಟ್ಟೆ, ಬೆಂಚು, ಕೊಠಡಿ, ಮೇಷ್ಟ್ರು ಎಲ್ಲ ನಿಂತಿರುತ್ತದೆ.

ಈ ಕೆಲಸ ಅವರ ಕಣ್ಣನ್ನೇ ಕೆಡಿಸಿಬಿಟ್ಟಿತ್ತು. ಬಸ್ಸಿನಲ್ಲಿ ಬಸುರಿ ಹೆಂಗಸು ಹತ್ತಿದರೆ ಎದ್ದು ಸೀಟು ಬಿಟ್ಟುಕೊಡುತ್ತಿದ್ದರು, ನಿಂತಲ್ಲೇ ಆ ಮಗುವನ್ನು ಯಾವುದೋ ಶಾಲೆಯ ಒಂದನೇ ಕ್ಲಾಸಿನಲ್ಲಿ ಕೂರಿಸಿಯೂಬಿಡುತ್ತಿದ್ದರು. ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಕುಳಿತ ಹೊಸ ಜೋಡಿಗಳ ಕಡೆ ನೋಡುತ್ತ ಮೈಮರೆಯುತ್ತಿದ್ದರು. “ಪಾಪ, ಅವರಿಗೆ ಮೊದಲು ಹೋಳಿಗೆ ತಿನ್ನೋಕೆ ಬಿಡು,” ಎಂದು ಷಡಕ್ಷರಪ್ಪ ಮೊಣಕೈಯಲ್ಲಿ ತಿವಿಯುತ್ತಿದ್ದರು.

ಈ ವರ್ಷ ಮಾತ್ರ ಅವರ ಮನಸ್ಸಿನಲ್ಲಿದ್ದದ್ದು ಒಂದೇ ಮಗು. ಮಗ ವಿಶ್ವಾರಾಧ್ಯ ಭದ್ರಾವತಿಯಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕ, ತಾಯಿಯಂತೆ ಶಿವಮೊಗ್ಗದ ಮನೆಯಿಂದಲೇ ದಿನವೂ ಓಡಾಡುವವನು. ಸೊಸೆ ಕವನ ಅಲ್ಲಿಯ ನ್ಯೂ ಟೌನಿನ ಹುಡುಗಿ, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಂಜಪ್ಪನವರ ಮಗಳು. ಭದ್ರಾವತಿಯದೇ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ಅವಳದು. ಹೆರಿಗೆಗೆಂದು ತವರಿಗೆ ಹೋದ ಕವನಳಿಗೆ ಹೆಣ್ಣುಮಗು ಹುಟ್ಟಿತ್ತು. ಅಮೂಲ್ಯಾ ಎಂದು ಹೆಸರಿಟ್ಟಾಗಿತ್ತು. ಪದ್ಧತಿಯಂತೆ ಐದನೇ ತಿಂಗಳಲ್ಲಿ ತವರಿನವರು ತೊಟ್ಟಿಲು ಕೊಟ್ಟು ತಾಯಿ ಮಗುವನ್ನು ಗಂಡನ ಮನೆಗೆ ಕಳಿಸಬೇಕು. ಆ ಐದನೇ ತಿಂಗಳು ಜನವರಿಯಲ್ಲಿ ಬೀಳುತ್ತಿತ್ತು.

ಉಮಾಮಹೇಶ್ವರಿ ಡಿಸೆಂಬರಿನಲ್ಲೇ ಪೂರ್ವದ ಕೋಣೆಗೆ ಸುಣ್ಣ ಹೊಡೆಸಿದರು. ತೊಟ್ಟಿಲು ತೂಗುಹಾಕಲು ಛಾವಣಿಗೆ ಕೊಕ್ಕೆ ಹಾಕಿಸಿದರು. ಹಾಕಿಸಿದ ಮೇಲೆ ಅದು ಗಟ್ಟಿಯಿದೆಯೋ ಎಂಬ ಅನುಮಾನಕ್ಕೆ ಗಂಡನ ಅಂಗಡಿಯಿಂದ ಯೂರಿಯಾ ಮೂಟೆ ತರಿಸಿ ಅದಕ್ಕೆ ನೇತುಹಾಕಿಸಿದರು. ಸಂಜೆಯಿಡೀ ಆ ಮೂಟೆ ಕೋಣೆಯ ನಡುವೆ ತೂಗಾಡುತ್ತಿತ್ತು. ವಿಶ್ವಾರಾಧ್ಯ ಬಾಗಿಲಲ್ಲಿ ನಿಂತು ನೋಡಿ, ಏನೋ ಹೇಳಲು ಬಾಯಿ ತೆರೆದು, ಆಮೇಲೆ ಹೊಟ್ಟೆ ಹಸಿದಿದೆ ಅಂದ.

ಅದೇ ವಾರ ಕಚೇರಿಯಲ್ಲಿ ಹೊಸ ಅಧಿಕಾರಿ ಸುಘೋಷ ಉಮಾಮಹೇಶ್ವರಿಯವರನ್ನು ಒಳಗೆ ಕರೆದರು. ಚಿಕ್ಕ ವಯಸ್ಸಿನ ಮನುಷ್ಯ. ದೊಡ್ಡವರಿಗೆ ತಪ್ಪು ತೋರಿಸುವಾಗ ತಮ್ಮದೇ ತಪ್ಪೇನೋ ಎಂಬಂತೆ ಮುದುಡಿಕೊಳ್ಳುತ್ತಿದ್ದರು. ವಿಷಯ ನ್ಯೂ ಟೌನಿನ ಬೇವಿನಮರದ ಶಾಲೆಯದು. ಬೇವಿನಮರ ಬಿದ್ದುಹೋಗಿ ಎಷ್ಟೋ ಮಳೆಗಾಲವಾಗಿದ್ದರೂ ಶಾಲೆಗೆ ಹೆಸರು ಮಾತ್ರ ಉಳಿದುಕೊಂಡಿತ್ತು.

“ಮೇಡಂ, ನಿಮ್ಮ ಅಂದಾಜು ಎಲ್ಲೂ ಇಷ್ಟು ತಪ್ಪಿದ್ದು ನಾನು ನೋಡಿಲ್ಲ,” ಎಂದರು ಸುಘೋಷ. “ಒಂದನೇ ಕ್ಲಾಸಿಗೆ ಮೂವತ್ತು ಮಕ್ಕಳು ಬರ್ತಾರೆ ಅಂತ ಕೊಠಡಿ ಕಟ್ಟಿಸಿದ್ದಾಯ್ತು. ಬಂದಿರೋದು ಒಂಬತ್ತು. ಮುಂದೆಯೂ ಹೀಗೇ ಆದ್ರೆ ಓಲ್ಡ್ ಟೌನಿನ ಶಾಲೆಗೆ ಸೇರಿಸಿಬಿಡಿ ಅಂತ ಮೇಲಿನವರು ಹೇಳ್ತಿದ್ದಾರೆ.”

“ಸಣ್ಣ ಮಕ್ಕಳು ಸೇತುವೆ ದಾಟಿ ಹೋಗ್ಬೇಕಾಗುತ್ತೆ ಸರ್. ಆ ಲಾರಿಗಳ ಮಧ್ಯೆ.”

“ಅದಕ್ಕೇ ಹೇಳ್ತಿರೋದು. ನೀವೇ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಮುಂದೆ ಬರೋ ಮಕ್ಕಳು ಇದ್ದಾರೆ ಅಂತ ನೀವು ಬರೆದು ಕೊಟ್ರೆ, ನಾನು ಹಿಡ್ಕೊಂಡು ನಿಲ್ತೀನಿ.”

ಉಮಾಮಹೇಶ್ವರಿಗೆ ಅವಮಾನವಾಗಿತ್ತು. ಆ ವಾರ್ಡಿನಲ್ಲಿ ಹುಟ್ಟಿದವರನ್ನು ಅವರೇ ಕೂಡಿದ್ದರು, ಕಳೆಯಬೇಕಾದ್ದನ್ನು ಕಳೆದಿದ್ದರು. ಲೆಕ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಹುಟ್ಟಿದ ಅಷ್ಟು ಮಕ್ಕಳು ಎಲ್ಲಿ ಹೋದರು?

ಮಾರನೆಯ ದಿನ ಅಂಗನವಾಡಿಯ ಕಲ್ಲಮ್ಮನನ್ನು ಜೊತೆಗೆ ಕರೆದುಕೊಂಡು ನ್ಯೂ ಟೌನಿನ ಬೀದಿಗಳಿಗಿಳಿದರು. ಅಗಲ ರಸ್ತೆ, ಸಾಲು ಮನೆ, ಮನೆಯ ಮುಂದೆ ನುಗ್ಗೆ, ಕರಿಬೇವು. ಬಹಳ ಮನೆಗಳಲ್ಲಿ ಕಾರ್ಖಾನೆಯಿಂದ ನಿವೃತ್ತರಾದವರು. ಮೊದಲ ಮನೆಯ ಬೀರಪ್ಪ ಎಂಬ ಹಿರಿಯರು ಗಿಡಕ್ಕೆ ನೀರು ಬಿಡುತ್ತಿದ್ದರು. ಈ ಮನೆಯಲ್ಲಿ ಆರು ವರ್ಷದ ಹಿಂದೆ ಹುಟ್ಟಿದ ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ಉಮಾಮಹೇಶ್ವರಿ ಕೈಯಲ್ಲಿದ್ದ ಜನನದ ಪಟ್ಟಿ ನೋಡಿ ಕೇಳಿದರು.

“ಯಾವ ಮಗು? ಓ, ಅದಾ,” ಎಂದು ಬೀರಪ್ಪ ಪೈಪನ್ನು ಪಕ್ಕಕ್ಕಿಟ್ಟರು. “ಅದು ಮಗಳ ಮಗು ಕಣಮ್ಮ. ಬಾಣಂತನಕ್ಕೆ ಬಂದಿದ್ಲು. ಐದನೇ ತಿಂಗಳಿಗೆ ತೊಟ್ಟಿಲು ಸಮೇತ ಹರಿಹರಕ್ಕೆ ಬಿಟ್ಟುಬಂದ್ವಿ.”

ಎರಡನೇ ಮನೆಯಲ್ಲೂ ಮಗಳ ಮಗು, ಈಗ ಕಡೂರಿನಲ್ಲಿ. ಮೂರನೇ ಮನೆಯ ತಮಿಳು ಅಜ್ಜಿ ಮೊಮ್ಮಗಳ ಫೋಟೋವನ್ನೇ ತಂದು ತೋರಿಸಿದರು. “ಪೇತ್ತಿ ಸೇಲಂನಲ್ಲಿದೆಯಮ್ಮಾ. ಎಲ್.ಕೆ.ಜಿ., ಯು.ಕೆ.ಜಿ. ಎಲ್ಲಾ ಅಲ್ಲೇ. ಇಲ್ಲಿ ಹುಟ್ಟಿದ್ದು ಮಾತ್ರ.”

ಉಮಾಮಹೇಶ್ವರಿ ಅಲ್ಲೇ ಚರಂಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆಮೇಲೆ ನಗತೊಡಗಿದರು. ಬಿಸಿಲು ತಲೆಗೇರಿತೇನೋ ಎಂದು ಕಲ್ಲಮ್ಮ ನೀರಿನ ಬಾಟಲಿ ತೆಗೆದಳು.

ಹೆರಿಗೆಗೆ ತವರಿಗೆ ಬಂದವರು ಆಸ್ಪತ್ರೆಯಲ್ಲಿ ತವರಿನ ವಿಳಾಸ ಬರೆಸುತ್ತಾರೆ. ಮಗು ಹುಟ್ಟಿದ್ದು ಇಲ್ಲಿ, ಬೆಳೆಯುವುದು ಅಪ್ಪನ ಊರಲ್ಲಿ. ಬೇರೆ ವಾರ್ಡುಗಳಲ್ಲಿ ಹೋಗುವ ಹೆಣ್ಣುಮಕ್ಕಳು ಎಷ್ಟೋ, ಮಗು ಎತ್ತಿಕೊಂಡು ಬರುವ ಸೊಸೆಯರೂ ಅಷ್ಟೇ ಇರುವುದರಿಂದ ತಪ್ಪು ತಾನಾಗಿ ಮುಚ್ಚಿಹೋಗುತ್ತಿತ್ತು. ನ್ಯೂ ಟೌನಿನಲ್ಲಿ ಗಂಡುಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ಬೇರೆ ಊರು ಸೇರಿದ್ದರು. ಹಾಗಾಗಿ ಸೊಸೆಯರು ಬರುತ್ತಿರಲಿಲ್ಲ. ಮಗಳಂದಿರು ಮಾತ್ರ ಬರುತ್ತಿದ್ದರು, ಹೆರುತ್ತಿದ್ದರು, ಹೋಗುತ್ತಿದ್ದರು. ಇದು ಗೊತ್ತಿಲ್ಲದ ವಿಷಯವೇ? ಉಮಾಮಹೇಶ್ವರಿಯೇ ವಿಶ್ವಾರಾಧ್ಯನನ್ನು ಹೆತ್ತದ್ದು ತರೀಕೆರೆಯ ತವರಿನಲ್ಲಿ. ನಾಡಿಗೆಲ್ಲ ಗೊತ್ತಿರುವುದನ್ನು ಕಚೇರಿಯ ಕುರ್ಚಿಯಲ್ಲಿ ಕೂತಾಗ ಮಾತ್ರ ಅವರು ಮರೆತಿದ್ದರು. ಇಲ್ಲಿ ಹುಟ್ಟಿದವರೆಲ್ಲ ಇಲ್ಲಿಯವರೇ ಎಂದುಕೊಂಡು ಸಲೀಸಾಗಿ ಕೂಡುತ್ತ ಹೋಗಿದ್ದರು.

“ಕಲ್ಲಮ್ಮ, ಇನ್ನು ಮನೆ ಮನೆಗೂ ಒಂದೇ ಪ್ರಶ್ನೆ,” ಎಂದು ಅವರು ಸೀರೆ ಕೊಡವಿಕೊಂಡು ಎದ್ದರು. “ಮಗು ಇರುತ್ತೋ, ಹೋಗುತ್ತೋ. ಅಷ್ಟು ಕೇಳೋಣ.”

ಹಾಗೆ ಶುರುವಾಯಿತು. ಚಿಕ್ಕ ಮಕ್ಕಳಿದ್ದ ಮನೆಗಳಿಗೆಲ್ಲ ಹೋದರು. ಬಹಳ ಕಡೆ ಹೋಗುತ್ತದೆ ಎಂದರು. ಆದರೆ ಎಲ್ಲ ಕಡೆಯೂ ಅಲ್ಲ. ಸಾಲಿನ ಹಿಂಬದಿಯಲ್ಲಿ ಬಾಡಿಗೆಗೆ ಬಂದ ಹೊಸ ಸಂಸಾರಗಳಿದ್ದವು. ಗಾರೆ ಕೆಲಸದವರು, ಆಟೋ ಓಡಿಸುವವರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು. ಅವರ ಮಕ್ಕಳು ಚನ್ನಗಿರಿಯಲ್ಲೋ ಅಜ್ಜಂಪುರದಲ್ಲೋ ಹುಟ್ಟಿ, ಇಲ್ಲಿಯ ಯಾವ ಲೆಕ್ಕಕ್ಕೂ ಸಿಗದೆ, ಅಂಗಳದಲ್ಲಿ ಚಡ್ಡಿಯಿಲ್ಲದೆ ಆಡುತ್ತಿದ್ದವು. ಇರುತ್ತವೆ, ಇಲ್ಲೇ ಇರುತ್ತವೆ, ಬೇವಿನಮರದ ಶಾಲೆಗೇ ಕಳಿಸುತ್ತೇವೆ ಎಂದು ಆ ತಾಯಂದಿರು ಹೇಳಿದಾಗ ಉಮಾಮಹೇಶ್ವರಿಗೆ ಆ ಮಕ್ಕಳನ್ನೆಲ್ಲ ಎತ್ತಿ ಮುದ್ದಾಡಬೇಕೆನಿಸಿತು. ಒಂದೆರಡನ್ನು ಎತ್ತಿಕೊಂಡೂಬಿಟ್ಟರು. ಮೂವತ್ತು ಸುಳ್ಳು, ಆದರೆ ಒಂಬತ್ತೂ ಪೂರ್ತಿ ನಿಜವಲ್ಲ. ಮುಂದಿನ ವರ್ಷಗಳಲ್ಲಿ ಒಂದನೇ ಕ್ಲಾಸಿಗೆ ಹದಿನಾರು, ಹದಿನೇಳರವರೆಗೆ ಬರುವ ಹಾಗಿತ್ತು. ಶಾಲೆ ಉಳಿಯಬಹುದು. ಊಟದ ಹೊತ್ತಿಗೆ ಅವರ ಮುಖ ಬೆಳಗುತ್ತಿತ್ತು.

ಉಳಿದದ್ದು ಒಂದೇ ಮನೆ. ಅದು ಬೀಗರ ಮನೆ. ಊಟಕ್ಕೆ ಅಲ್ಲಿಗೇ ಬರಬೇಕೆಂದು ಕವನಳ ತಾಯಿ ಚಿನ್ನಮ್ಮ ಬೆಳಿಗ್ಗೆಯೇ ಫೋನು ಮಾಡಿದ್ದರು. ಕಲ್ಲಮ್ಮ ತನ್ನ ಅಂಗನವಾಡಿಗೆ ಹೋದಳು.

ಅವರೆಕಾಳಿನ ಸಾರಿನ ವಾಸನೆ ಗೇಟಿಗೇ ಬರುತ್ತಿತ್ತು. ಮಂಜಪ್ಪನವರು ರೇಷನ್ ತರಲು ಹೋಗಿದ್ದರು. ಕವನ ಮಗುವಿಗೆ ಎಣ್ಣೆ ನೀರು ಮುಗಿಸಿ, ಸಾಂಬ್ರಾಣಿ ಹೊಗೆ ಹಾಕಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅತ್ತೆಯ ಮಡಿಲಿಗೆ ಕೊಟ್ಟಳು. ಅಮೂಲ್ಯಾ ಅಜ್ಜಿಯ ಮೂಗನ್ನು ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿ, ಯಾವ ಕಾರಣವೂ ಇಲ್ಲದೆ ನಕ್ಕಳು. ಉಮಾಮಹೇಶ್ವರಿಗೆ ಬೆಳಗಿನಿಂದ ನಡೆದ ಕಾಲುನೋವು ಮರೆತುಹೋಯಿತು. ಕೊಠಡಿಯ ಕತೆ, ಬೀರಪ್ಪನ ಕತೆ, ಸೇಲಂನ ಪೇತ್ತಿಯ ಕತೆ ಎಲ್ಲ ಹೇಳಿದರು. ಚಿನ್ನಮ್ಮ ತಟ್ಟೆ ಹಾಕುತ್ತ ನಕ್ಕರು, ಕವನಳೂ ನಕ್ಕಳು.

“ಸರಿ, ನಿಮ್ಮನೇದೂ ಬರ್ಕೊಂಡುಬಿಡ್ತೀನಿ,” ಎಂದು ಉಮಾಮಹೇಶ್ವರಿ ತಮಾಷೆಗೆ ದನಿ ಬದಲಿಸಿದರು. “ಹೇಳಿಮ್ಮ, ಈ ಮಗು ಇರುತ್ತೋ, ಹೋಗುತ್ತೋ?”

ಯಾರೂ ನಗಲಿಲ್ಲ. ಚಿನ್ನಮ್ಮ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದರು. ಕವನ ಬಗ್ಗಿ ನೆಲದ ಮೇಲಿದ್ದ ಮಗುವಿನ ಕಾಲುಚೀಲ ಎತ್ತಿಕೊಂಡಳು. ಎತ್ತಿಕೊಂಡು ಅದನ್ನು ಮಡಿಸುತ್ತಲೇ ಇದ್ದಳು.

“ಕವನಾ?”

“ಅತ್ತೆ, ಇವರೇ ನಿಮಗೆ ಹೇಳ್ತೀನಿ ಅಂದಿದ್ರು,” ಎಂದಳು ಕವನ. “ಫೆಬ್ರವರಿಗೆ ನನ್ನ ರಜೆ ಮುಗಿಯುತ್ತೆ. ಲ್ಯಾಬಿಗೆ ಬೆಳಿಗ್ಗೆ ಆರಕ್ಕೆಲ್ಲ ಇರಬೇಕು. ಶಿವಮೊಗ್ಗದಿಂದ ಇವಳನ್ನ ಬಿಟ್ಟು ಹೇಗೆ ಬರ್ಲಿ? ಅಲ್ಲಿ ಹಗಲು ಮನೇಲಿ ಯಾರೂ ಇರಲ್ಲ. ನೀವು ಇಲ್ಲಿ ಕಚೇರೀಲಿ, ಮಾವ ಅಂಗಡೀಲಿ. ಇಲ್ಲೇ ಪಕ್ಕದ ಸಾಲಿನಲ್ಲಿ ಒಂದು ಮನೆ ಖಾಲಿ ಇದೆ. ಇವರಿಗೂ ಪಾಲಿಟೆಕ್ನಿಕ್ ಹತ್ತಿರ. ಅಲ್ಲೇ ಇದ್ದುಬಿಡೋಣ ಅಂತ.”

ಅಡುಗೆಮನೆಯಿಂದ ಚಿನ್ನಮ್ಮನ ದನಿ ಬಂತು. “ನಾನು ಬೇಡ ಅಂದೆ ಅಕ್ಕಾ. ಮಗು ಆ ಮನೇದು, ಕಳಿಸ್ಬೇಕು ಅಂದೆ. ತೊಟ್ಟಿಲೂ ಮಾಡ್ಸಿಟ್ಟಿದ್ದೀವಿ.”

ಬೆಳಗಿನಿಂದ ಪ್ರತಿ ಮನೆಯಲ್ಲೂ ಇರುತ್ತದೆ ಎಂಬ ಮಾತಿಗೆ ಕಾದು, ಸಿಕ್ಕಾಗೆಲ್ಲ ಹಿಗ್ಗಿದವರು ಅವರು. ಈ ಒಂದು ಮನೆಯಲ್ಲಿ ಹೋಗುತ್ತದೆ ಎಂಬ ಮಾತು ಬೇಕಾಗಿತ್ತು. ಉಮಾಮಹೇಶ್ವರಿಗೆ ದುಃಖ ಒತ್ತರಿಸಿಕೊಂಡು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಕೋಣೆಗೆ ಸುಣ್ಣ ಹೊಡೆಸೋವಾಗ ಒಂದು ಮಾತು ಹೇಳಬೋದಿತ್ತಲ್ಲ,” ಎಂದರು. “ಅವನು ನಿಂತು ನೋಡ್ತಿದ್ದ.”

ಕವನ ಅಳತೊಡಗಿದಳು. ಮಗು ಅಮ್ಮನ ಕಡೆ ತಿರುಗಿ ನೋಡಿತು, ಆಮೇಲೆ ಅಜ್ಜಿಯ ಕಡೆ. ಯಾರ ಪರವಾಗಿ ಅಳಬೇಕೆಂದು ತಿಳಿಯದೆ ಎರಡೂ ಕೈಗಳಿಂದ ಅಜ್ಜಿಯ ಸೆರಗನ್ನು ಬಾಯಿಗೆ ತುಂಬಿಕೊಂಡಿತು.

ಉಮಾಮಹೇಶ್ವರಿ ಊಟ ಬಿಟ್ಟು ಏಳಲಿಲ್ಲ. ಹಾಗೆ ಎದ್ದು ಹೋಗುವ ಹೆಂಗಸರನ್ನು ಅವರು ಬಹಳ ನೋಡಿದ್ದರು, ಅವರಿಗದು ಹಿಡಿಸುತ್ತಿರಲಿಲ್ಲ. ಮಗುವನ್ನು ಎಡತೊಡೆಯ ಮೇಲೆ ಇಟ್ಟುಕೊಂಡೇ ಮುದ್ದೆ ಉಂಡರು. ಚಿನ್ನಮ್ಮ ತುಪ್ಪ ಹಾಕಲು ಬಗ್ಗಿದಾಗ ಅವರ ಕಣ್ಣೂ ಕೆಂಪಾಗಿದ್ದುದು ಕಂಡಿತು. ಆಗ ಉಮಾಮಹೇಶ್ವರಿಗೆ ತಮ್ಮ ತಾಯಿ ನೆನಪಾದರು. ಐದು ತಿಂಗಳ ವಿಶ್ವನನ್ನು ಎತ್ತಿಕೊಂಡು ತರೀಕೆರೆಯಲ್ಲಿ ಬಸ್ಸು ಹತ್ತಿದ ದಿನ ತಾಯಿ ಬಸ್ ಸ್ಟ್ಯಾಂಡಿಗೆ ಬಂದಿರಲಿಲ್ಲ. ತಲೆನೋವು ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದರು. ಆಗ ಉಮಾಮಹೇಶ್ವರಿಗೆ ಬೇಜಾರಾಗಿತ್ತು. ಎಷ್ಟೋ ವರ್ಷ ಅದನ್ನು ಎತ್ತಿ ಆಡಿದ್ದೂ ಉಂಟು. ಶಿವಮೊಗ್ಗದ ಮನೆಗೆ ಒಂದು ಮಗು ಕೂಡಿಕೊಂಡಾಗ ತರೀಕೆರೆಯ ಮನೆಯಲ್ಲಿ ಅದೇ ಮಗು ಕಳೆದಿತ್ತು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

“ಯಾವ ಸಾಲಿನ ಮನೆ?” ಎಂದು ಕೇಳಿದರು, ಕೈ ತೊಳೆದು ಬಂದು.

ಕವನ ತೋರಿಸಿದಳು. ಕಿಟಕಿಯಿಂದಲೇ ಕಾಣುತ್ತಿತ್ತು. ಹೆಂಚು ಒಂದೆರಡು ಜರುಗಿದ್ದ, ಅಂಗಳದಲ್ಲಿ ಪೇರಲೆ ಗಿಡವಿದ್ದ ಮನೆ.

“ಹೆಂಚು ಸರಿ ಮಾಡ್ಸಿ ಆಮೇಲೆ ಹೋಗಿ. ಮಗು ಇರೋ ಮನೆ,” ಎಂದರು ಉಮಾಮಹೇಶ್ವರಿ. ಕಿಟಕಿಯಿಂದ ಈಚೆ ತಿರುಗಿ, “ಶಾಲೆ?” ಎಂದರು.

“ಏಳನೇ ಕ್ಲಾಸಿನವರೆಗೆ ನಾನು ಓದಿದ್ದು ಬೇವಿನಮರದ ಶಾಲೇಲೇ ಅತ್ತೆ,” ಎಂದಳು ಕವನ. “ಇವಳನ್ನೂ ಅಲ್ಲಿಗೇ ಕಳಿಸ್ತೀನಿ. ಅದು ಇದ್ರೆ.”

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಉಮಾಮಹೇಶ್ವರಿ ಮುಖವನ್ನು ಗಾಜಿನ ಕಡೆ ತಿರುಗಿಸಿ ಶಿವಮೊಗ್ಗ ಬರುವವರೆಗೂ ಅತ್ತರು. ಕಂಡಕ್ಟರ್ ಪರಿಚಯದವನು. ಪಾಸು ತೋರಿಸಿ ಎಂದು ಕೇಳದೆ ಮುಂದೆ ಹೋದ.

ಅಂಗಡಿಯಲ್ಲಿ ಷಡಕ್ಷರಪ್ಪ ಹೆಂಡತಿಯ ಮುಖ ನೋಡಿದವರೇ ಗಿರಾಕಿಯನ್ನು ಸಾಗಹಾಕಿ ಸ್ಟೂಲು ಎಳೆದುಕೊಟ್ಟರು. ಏನಾಯಿತೆಂದು ಕೇಳಲಿಲ್ಲ.

“ನಿಮಗೆ ಗೊತ್ತಿತ್ತಾ?” ಎಂದರು ಉಮಾಮಹೇಶ್ವರಿ.

“ಹೋದ ತಿಂಗಳು ಹೇಳ್ದ ಅವನು. ನಿನಗೆ ಹೇಳೋಕೆ ನಂಗೂ ಧೈರ್ಯ ಬರ್ಲಿಲ್ಲ ಕಣೆ. ಮೂಟೆ ಬೇರೆ ತರಿಸ್ಬಿಟ್ಟೆ ನೀನು.” ಅವರು ತಕ್ಕಡಿಯ ಬಟ್ಟನ್ನು ಆಚೀಚೆ ಸರಿಸಿದರು. “ನಂಗೂ ಆಸೆ ಇತ್ತು. ಅಂಗಡಿ ಬೇಗ ಮುಚ್ಚಿ ಬರೋಣ ಅಂದ್ಕೊಂಡಿದ್ದೆ, ದಿನಾ.”

ಗಿಣಿಶಾಸ್ತ್ರದ ಮಾತು ಅವತ್ತು ಬರಲಿಲ್ಲ. ಇಬ್ಬರೂ ಅಂಗಡಿಯಲ್ಲೇ ಚಹಾ ತರಿಸಿಕೊಂಡು ಕುಡಿದರು.

ವಾರ ಕಳೆದು ಅವರು ಹೊಸ ಅಂದಾಜನ್ನು ಸುಘೋಷರ ಮೇಜಿನ ಮೇಲಿಟ್ಟರು. ತಪ್ಪು ಎಲ್ಲಾಯಿತು, ಏಕಾಯಿತು ಎಂಬುದನ್ನು ಮೊದಲ ಪುಟದಲ್ಲೇ ತಮ್ಮ ಹೆಸರು ಹಾಕಿ ಬರೆದಿದ್ದರು. ತವರಿಗೆ ಬಂದು ಹೋಗುವ ಮಕ್ಕಳನ್ನು ಬಿಟ್ಟು, ಹಿಂಬದಿ ಸಾಲುಗಳ ಬಾಡಿಗೆಯವರ ಮಕ್ಕಳನ್ನು ಸೇರಿಸಿ, ಮುಂದಿನ ಆರು ವರ್ಷಕ್ಕೆ ಮನೆ ಮನೆಯ ಲೆಕ್ಕ ಕೊಟ್ಟಿದ್ದರು. ಸುಘೋಷ ಪೂರ್ತಿ ಓದಿದರು. ಇಷ್ಟು ಮಕ್ಕಳಿದ್ದರೆ ಶಾಲೆ ಮುಚ್ಚಲು ನಾನು ಬಿಡುವುದಿಲ್ಲ, ಮೇಲಿನವರಿಗೆ ಇಂದೇ ಬರೆಯುತ್ತೇನೆ ಎಂದರು. ಆಮೇಲೆ ಕೊನೆಯ ಪುಟಕ್ಕೆ ಮತ್ತೆ ತಿರುಗಿದರು.

“ಎಲ್ಲದರ ಮುಂದೆಯೂ ಬರಬಹುದು, ಬರಬಹುದು ಅಂತ ಬರ್ದಿದ್ದೀರ ಮೇಡಂ. ಈ ಕಡೇ ಮಗೂಗೆ ಮಾತ್ರ ಖಾತ್ರಿ ಅಂತಿದೆ. ಇನ್ನೂ ನಾಲ್ಕು ತಿಂಗಳು ಅದಕ್ಕೆ. ಆರು ವರ್ಷದ ಮೇಲೂ ನ್ಯೂ ಟೌನಿನಲ್ಲೇ ಇರುತ್ತೆ ಅಂತ ಹೇಗೆ ಹೇಳ್ತೀರಿ?”

ಉಮಾಮಹೇಶ್ವರಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಅದು ನಮ್ಮನೆಗೆ ಬರಬೇಕಿದ್ದ ಮಗು ಸರ್,” ಎಂದರು.